ಮುಗಿಯಿತು ಎಂದ ಲೋಡನ್ನು ನಂಬುವ ಮುನ್ನ

ವೆಬ್ ಫ್ರೇಮ್‌ವರ್ಕಿನ ಮೂಲಕ ಡೇಟಾಬೇಸಿಗೆ ಮಾಹಿತಿ ಸೇರುವ ಬಗೆ ಎರಡು. ಬಳಕೆದಾರರು ಫಾರಂ ತುಂಬಿ ಬಟನ್ ಒತ್ತಿದಾಗ ಒಂದು ಸಾಲು ಒಳಗೆ ಹೋಗುತ್ತದೆ. ಇದು ದಿನನಿತ್ಯದ ಬಗೆ. ಹಳೆಯ ಸಾಫ್ಟ್‌ವೇರಿನಿಂದಲೋ ಎಕ್ಸೆಲ್ ಕಡತದಿಂದಲೋ ಲಕ್ಷಗಟ್ಟಲೆ ಸಾಲುಗಳನ್ನು ಒಮ್ಮೆಗೇ ತುಂಬುವುದು ಎರಡನೆಯದು. ಇದನ್ನು ಬಲ್ಕ್ ಲೋಡ್ ಎನ್ನುತ್ತಾರೆ. ಜ್ಯಾಂಗೊ, ರೈಲ್ಸ್‌ನಂಥ ಫ್ರೇಮ್‌ವರ್ಕುಗಳು ಹುಟ್ಟಿದ್ದು ಮೊದಲ ಬಗೆಯ ಕೆಲಸಕ್ಕೆ. ಜ್ಯಾಂಗೊ ರೂಪುಗೊಂಡದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ. ಸುದ್ದಿಮನೆಯವರು ತಮ್ಮ ಬರಹವನ್ನು ಒಂದೊಂದಾಗಿ ಸೇರಿಸುವಂಥ ಕೆಲಸವೇ ಅದರ ಕಣ್ಣಮುಂದಿದ್ದದ್ದು. 2005ರಲ್ಲಿ ಅದು ಎಲ್ಲರ ಬಳಕೆಗೆ ತೆರೆದುಕೊಂಡಿತು. ಸಾಲುಗಳನ್ನು ಗುಂಪಾಗಿ ಸೇರಿಸುವ ‘ಬಲ್ಕ್ ಕ್ರಿಯೇಟ್’ ಸೌಲಭ್ಯ ಬಂದದ್ದು 1.4ನೇ ಆವೃತ್ತಿಯಲ್ಲಿ, 2012ರಲ್ಲಿ. ರೈಲ್ಸ್‌ನಲ್ಲಿ ಅಂಥದೇ ‘ಇನ್ಸರ್ಟ್ ಆಲ್’ ಬರಲು 2019ರ ತನಕ ಕಾಯಬೇಕಾಯಿತು. ಎರಡೂ ಕಡೆ ಬಲ್ಕ್ ಲೋಡ್ ಆಮೇಲೆ ತೆರೆದ ಹಿತ್ತಿಲ ಬಾಗಿಲು. ಮುಂಬಾಗಿಲಲ್ಲಿ ನಡೆಯುವ ತಪಾಸಣೆ ಅಲ್ಲಿ ನಡೆಯುವುದಿಲ್ಲ.

ಲೋಡ್ ಕೆಟ್ಟಾಗ ನಡೆಯುವ ಹುಡುಕಾಟವೆಲ್ಲ ಸಾಮಾನ್ಯವಾಗಿ ಎರರ್ ಸಂದೇಶದ ಸುತ್ತ ಸುತ್ತುತ್ತದೆ. ಆದರೆ ಎರರ್ ಕೊಟ್ಟು ನಿಂತ ಲೋಡು ಅಷ್ಟರಮಟ್ಟಿಗೆ ಒಳ್ಳೆಯದೇ. ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದಕ್ಕೆ ಅದು ಒಂದಿಷ್ಟಾದರೂ ಸುಳಿವು ಕೊಡುತ್ತದೆ. ಅನುಮಾನ ಪಡಬೇಕಾದದ್ದು ಯಾವ ತಕರಾರೂ ಇಲ್ಲದೆ ಮುಗಿದ ಲೋಡಿನ ಮೇಲೆ.

2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನಡೆದದ್ದು ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಲ್ಯಾಬುಗಳಿಂದ ಸಾದಾ ಸಿಎಸ್‌ವಿ ಕಡತಗಳಾಗಿ ಬರುತ್ತಿದ್ದವು. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆಯ ತಂತ್ರಾಂಶ ಅವನ್ನು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬಿ ಮುಂದಕ್ಕೆ ಕಳಿಸುತ್ತಿತ್ತು. ಆ ನಮೂನೆಯಲ್ಲಿ ಒಂದು ಹಾಳೆಗೆ ಹಿಡಿಸುವುದು 65,536 ಸಾಲು ಮಾತ್ರ. ಒಬ್ಬೊಬ್ಬರ ಫಲಿತಾಂಶಕ್ಕೆ ಹಲವು ಸಾಲು ಹಿಡಿಯುತ್ತಿದ್ದುದರಿಂದ ಒಂದು ಹಾಳೆಗೆ ಸುಮಾರು 1,400 ಮಂದಿಯ ವಿವರವಷ್ಟೇ ಸೇರುತ್ತಿತ್ತು; ಮಿಕ್ಕವು ಸದ್ದಿಲ್ಲದೆ ಬಿಟ್ಟುಹೋದವು. ಹೀಗೆ ಲೆಕ್ಕಕ್ಕೆ ಬಾರದೆ ಹೋದ ಪ್ರಕರಣಗಳು 15,841. ಸೋಂಕಿತರಿಗೆ ತಮ್ಮ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಮಾತ್ರ ಹಿಂದೆ ಬಿದ್ದಿತು. ಬಂದ ಸಾಲೆಷ್ಟು, ಸೇರಿದ ಸಾಲೆಷ್ಟು ಎಂದು ಪ್ರತಿ ಲೋಡಿನ ಕೊನೆಗೆ ತಾಳೆ ನೋಡುವ ಒಂದು ಸಣ್ಣ ತಪಾಸಣೆ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ಏನು ಎರರ್ ಬಂತು?’ ಎಂಬುದಲ್ಲ, ‘ಸಾಲು ಎಲ್ಲಿಯವರೆಗೆ ಬಂತು, ಬಂದಾಗ ಹೇಗಿತ್ತು?’ ಎಂಬುದು. ಕಡತ, ಅದನ್ನು ಓದುವ ಕೋಡು, ಫ್ರೇಮ್‌ವರ್ಕಿನ ಮಾಡೆಲ್, ಡೇಟಾಬೇಸಿನ ನಿಯಮಗಳು, ಕಡೆಗೆ ಕಮಿಟ್, ಇಷ್ಟನ್ನು ದಾಟಿ ಸಾಲು ನೆಲೆಗೊಳ್ಳುತ್ತದೆ. ಒಂದೊಂದು ಹಂತದಲ್ಲೂ ಕೆಡುವ ಬಗೆ ಬೇರೆ.

ಕಡತದ ಹಂತದಲ್ಲಿ ಹೆಚ್ಚಿನ ಕಿತಾಪತಿ ಎಕ್ಸೆಲ್‌ನದು. ಎಕ್ಸೆಲ್ ಸಂಖ್ಯೆಗಳಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯೆಂದೇ ತೆರೆದು ಉಳಿಸಿದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ಎಡಗಡೆಯ ಸೊನ್ನೆಗಳು ಉದುರಿಹೋಗುತ್ತವೆ. ದಿನ ಮೊದಲೋ ತಿಂಗಳು ಮೊದಲೋ ಎಂಬುದು ಕಂಪ್ಯೂಟರಿನ ಸೆಟ್ಟಿಂಗ್ ನೋಡಿಕೊಂಡು ಬದಲಾಗುತ್ತದೆ. 13ನೇ ತಾರೀಖಿನಿಂದಾಚೆಗಿನ ದಿನಾಂಕಗಳು ಎರರ್ ಕೊಡುತ್ತವೆ, 12ರವರೆಗಿನವು ತಿಂಗಳು ಅದಲುಬದಲಾಗಿ ಸಲೀಸಾಗಿ ಒಳಗೆ ಹೋಗುತ್ತವೆ. ಎರರ್ ಬಂದ ಸಾಲುಗಳನ್ನಷ್ಟೇ ತಿದ್ದಿ ಮತ್ತೆ ಲೋಡ್ ಮಾಡುವವರು ಹಾಗೆ ಒಳಗೆ ಹೋದ ಸಾಲುಗಳ ತಂಟೆಗೇ ಹೋಗುವುದಿಲ್ಲ. ಇನ್ನೊಂದು ಬಗೆಯ ತೊಂದರೆ ಕಣ್ಣಿಗೇ ಕಾಣದು. ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸುವಾಗ ಎಕ್ಸೆಲ್ ಕಡತದ ತಲೆಗೆ ‘ಬಾಮ್’ ಎಂಬ ಅದೃಶ್ಯ ಗುರುತನ್ನು ಅಂಟಿಸುತ್ತದೆ. ಪೈಥಾನ್ ಅದನ್ನು ಮೊದಲ ಕಾಲಮ್ಮಿನ ಹೆಸರಿನ ಭಾಗವೆಂದೇ ಓದುತ್ತದೆ. ಕಾಲಂ ಇದೆ, ಹೆಸರೂ ಸರಿಯಾಗಿದೆ, ಆದರೂ ‘ಇಂಥ ಕಾಲಂ ಇಲ್ಲ’ ಎಂಬ ದೂರು ಬರುತ್ತದೆ. ಕಡತ ತೆರೆಯುವಾಗ ಬಾಮ್ ಕಳೆಯುವ ಎನ್‌ಕೋಡಿಂಗ್ ಹೆಸರನ್ನು ಕೊಟ್ಟರೆ ಮುಗಿಯಿತು.

ಕನ್ನಡದ ಮಾಹಿತಿ ತುಂಬುವಾಗ ಇವುಗಳ ಜೊತೆಗೆ ಬೇರೆ ತೊಡಕುಗಳೂ ಉಂಟು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತ ಯೂನಿಕೋಡ್ ಅಲ್ಲ; ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸರಮಾಲೆ, ಆಯಾ ಫಾಂಟಿನಲ್ಲಿ ಮಾತ್ರ ಕನ್ನಡವಾಗಿ ಕಾಣುವಂಥದು. ಡೇಟಾಬೇಸಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ, ಇದ್ದಂತೆಯೇ ಸೇರಿಸಿಕೊಳ್ಳುತ್ತದೆ. ಯೂನಿಕೋಡಿಗೆ ತಿರುಗಿಸಿದ ಮೇಲೂ ಒಂದು ಸೂಕ್ಷ್ಮ ಉಳಿಯುತ್ತದೆ. ‘ಗೋಪಾಲ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಒತ್ವದ ಮೇಲೆ ದೀರ್ಘದ ಗುರುತನ್ನು ಬೇರೆಯಾಗಿ ಸೇರಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿನ ಲೆಕ್ಕದಲ್ಲಿ ಎರಡು ಬೇರೆ ಹೆಸರು. ಯೂನೀಕ್ ನಿಯಮ ಹಾಕಿದ ಕಾಲಮ್ಮಿನಲ್ಲೂ ಇಬ್ಬರು ಗೋಪಾಲರು ಸೇರಿಕೊಳ್ಳುತ್ತಾರೆ, ಆಮೇಲೆ ಹುಡುಕಿದರೆ ಒಬ್ಬರೇ ಸಿಗುತ್ತಾರೆ. ‘ರಾಜ್‌ಕುಮಾರ್’ ಎಂಬಲ್ಲಿ ಅಕ್ಷರ ಒತ್ತಾಗದಂತೆ ತಡೆಯಲು ಬಳಸುವ ಶೂನ್ಯ ಅಗಲದ ಚಿಹ್ನೆಯೂ ಇಂಥದ್ದೇ. ಓತ್ವದಂಥ ಭೇದವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದು ನೀಗಿಸಬಹುದು. ಪೈಥಾನಿನಲ್ಲಿ ಇದಕ್ಕೆ ಸಿದ್ಧ ಲೈಬ್ರರಿ ಇದೆ, ಪೋಸ್ಟ್‌ಗ್ರೆಸ್ 13ರಿಂದ ಡೇಟಾಬೇಸಿನೊಳಗೇ ಫಂಕ್ಷನ್ ಇದೆ. ಶೂನ್ಯ ಅಗಲದ ಚಿಹ್ನೆ ಮಾತ್ರ ಇದರಿಂದ ಹೋಗುವುದಿಲ್ಲ. ಅದನ್ನು ಹೆಸರಿನಿಂದ ತೆಗೆದರೆ ಕಾಗುಣಿತವೇ ಕೆಡುವುದರಿಂದ, ಹೋಲಿಸಿ ನೋಡಲೆಂದೇ ಚಿಹ್ನೆಯಿಲ್ಲದ ಇನ್ನೊಂದು ಕಾಲಂ ಇಟ್ಟುಕೊಳ್ಳುವುದು ಲೇಸು.

ಮೈಎಸ್‌ಕ್ಯುಎಲ್ ಬಳಸುವವರಿಗೆ ಇನ್ನೂ ಒಂದು ಹಳೆಯ ಬಲೆ ಇದೆ. ಅದರಲ್ಲಿ ‘ಯುಟಿಎಫ್8’ ಎಂದು ಕರೆದುಕೊಂಡು ಬಂದ ಅಕ್ಷರಗಣ ಒಂದು ಅಕ್ಷರಕ್ಕೆ ಮೂರು ಬೈಟುಗಳನ್ನಷ್ಟೇ ಕೊಡುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೂ ಬೇಕಾದದ್ದು ಮೂರೇ ಬೈಟು. ಹಾಗಾಗಿ ಕನ್ನಡ ಹಾಕಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಯಾರೋ ಒಬ್ಬರು ಅಭಿಪ್ರಾಯದ ಕೊನೆಗೆ ಎಮೋಜಿ ಹಾಕಿದ ದಿನ ಲೋಡ್ ನಿಲ್ಲುತ್ತದೆ. ಎಮೋಜಿಗೆ ನಾಲ್ಕು ಬೈಟು ಬೇಕು. ‘ಯುಟಿಎಫ್8ಎಂಬಿ4’ ಅಕ್ಷರಗಣಕ್ಕೆ ಟೇಬಲನ್ನೂ ಕನೆಕ್ಷನ್ನನ್ನೂ ಬದಲಿಸುವುದೇ ಇದಕ್ಕೆ ಉಪಾಯ.

ಫ್ರೇಮ್‌ವರ್ಕಿನ ಹಂತದಲ್ಲಿ ತಪ್ಪು ತಿಳಿವಳಿಕೆಗಳೇ ಹೆಚ್ಚು. ಮಾಡೆಲ್ಲಿನಲ್ಲಿ ನಿಯಮ ಬರೆದರೆ ಅದು ಎಲ್ಲ ದಾರಿಗೂ ಅನ್ವಯಿಸುತ್ತದೆ ಎಂಬುದು ಅವುಗಳಲ್ಲಿ ದೊಡ್ಡದು. ಜ್ಯಾಂಗೊದಲ್ಲಿ ಪೂರ್ತಿ ತಪಾಸಣೆ ತಾನಾಗಿ ನಡೆಯುವುದು ಮಾಡೆಲ್ ಫಾರಂ ಮೂಲಕ ಬಂದಾಗ; ಕೋಡಿನಿಂದ ನೇರವಾಗಿ ಸೇವ್ ಕರೆದರೆ ನಡೆಯುವುದಿಲ್ಲ. ಬಲ್ಕ್ ಕ್ರಿಯೇಟ್ ಆ ಸೇವ್ ವಿಧಾನವನ್ನೂ ಕರೆಯುವುದಿಲ್ಲ, ಸೇವ್‌ಗೆ ಮುಂಚೆ ಮತ್ತು ನಂತರ ಹೊರಡುವ ಸಿಗ್ನಲ್‌ಗಳನ್ನೂ ಕಳಿಸುವುದಿಲ್ಲ. ಇದು ದೋಷವಲ್ಲ, ದಾಖಲೆಗಳಲ್ಲಿ ಸ್ಪಷ್ಟವಾಗಿಯೇ ಹೇಳಿದೆ. ವೇಗ ಬಂದಿರುವುದರಲ್ಲಿ ಒಂದು ಪಾಲು ಈ ಬಿಟ್ಟುಬಿಟ್ಟ ಕೆಲಸಗಳಿಂದಲೇ.

ಇದರ ಪರಿಣಾಮ ಏನೆಂದು ನೋಡಲು ಬಳಕೆದಾರರ ಟೇಬಲ್ಲೇ ಸಾಕು. ಕಾಲೇಜೊಂದು ಹಳೆಯ ವ್ಯವಸ್ಥೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಹೊಸ ಜಾಲತಾಣಕ್ಕೆ ತುಂಬುತ್ತಿದೆ ಎಂದಿಟ್ಟುಕೊಳ್ಳಬಹುದು. ಕಡತದಲ್ಲಿ ತಾತ್ಕಾಲಿಕ ಪಾಸ್‌ವರ್ಡ್ ಕಾಲಂ ಇದೆ. ಒಬ್ಬೊಬ್ಬರನ್ನೇ ಸೇರಿಸುವ ಕ್ರಮದಲ್ಲಿ ಜ್ಯಾಂಗೊ ಪಾಸ್‌ವರ್ಡನ್ನು ಹ್ಯಾಶ್ ಮಾಡಿ ಇಡುತ್ತದೆ. ಬಲ್ಕ್ ಕ್ರಿಯೇಟ್‌ನಲ್ಲಿ ಕೊಟ್ಟ ಪದವೇ ಇದ್ದಂತೆ ಕಾಲಮ್ಮಿಗೆ ಇಳಿಯುತ್ತದೆ. ಲೋಡ್ ಮುಗಿಯುತ್ತದೆ, ಸಂಖ್ಯೆಯೂ ತಾಳೆಯಾಗುತ್ತದೆ, ಆದರೆ ಯಾರಿಗೂ ಲಾಗಿನ್ ಆಗುವುದಿಲ್ಲ. ಸಾಲದ್ದಕ್ಕೆ ಎಲ್ಲರ ಪಾಸ್‌ವರ್ಡೂ ಬಯಲಾಗಿ ಕೂತಿರುತ್ತದೆ. ಪ್ರತಿ ಹೊಸ ಬಳಕೆದಾರರಿಗೆ ಒಂದು ಪ್ರೊಫೈಲ್ ಸಾಲು ಹುಟ್ಟಿಸುವ ಕೆಲಸವನ್ನು ಸಿಗ್ನಲ್‌ಗೆ ವಹಿಸಿದ್ದರೆ ಆ ಸಾಲುಗಳೂ ಹುಟ್ಟುವುದಿಲ್ಲ. ಪಾಸ್‌ವರ್ಡ್ ಬದಲಿಸಿಕೊಂಡು ಒಳಗೆ ಬಂದವರು ಪ್ರೊಫೈಲ್ ಪುಟ ತೆರೆದಾಗ ಅದು ಕುಸಿಯುತ್ತದೆ. ಅಷ್ಟು ಹೊತ್ತಿಗೆ ಲೋಡ್ ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ, ಎಲ್ಲರೂ ಪ್ರೊಫೈಲ್ ಪುಟದ ಕೋಡಿನಲ್ಲಿ ತಪ್ಪು ಹುಡುಕುತ್ತಿರುತ್ತಾರೆ.

ಡೆವಲಪರ್‌ಗಳ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯುಲೈಟ್, ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಇರುವ ಏರ್ಪಾಡು ಇನ್ನೊಂದು ತಲೆನೋವು. ಹೆಸರಿನ ಕಾಲಂ 100 ಅಕ್ಷರ ಮೀರಬಾರದು ಎಂದಿದ್ದರೂ ಎಸ್‌ಕ್ಯುಲೈಟ್ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಪೋಸ್ಟ್‌ಗ್ರೆಸ್ ಖಂಡಿತ ತಡೆಯುತ್ತದೆ. ತಡೆದಾಗ ಅದು ಕೊಡುವ ಸಂದೇಶ ನೋಡಬೇಕು: ಮೌಲ್ಯ 100 ಅಕ್ಷರಕ್ಕಿಂತ ಉದ್ದವಾಯಿತು ಎನ್ನುತ್ತದೆ, ಅಷ್ಟೇ. ಯಾವ ಕಾಲಂ, ಯಾವ ಸಾಲು, ಒಂದನ್ನೂ ಹೇಳುವುದಿಲ್ಲ. ಒಂದೇ ಇನ್ಸರ್ಟ್‌ನಲ್ಲಿ ಸಾವಿರ ಸಾಲು ಹೋಗಿದ್ದರೆ ಸಾವಿರದಲ್ಲಿ ಯಾವುದು ಎಂಬುದು ಹುಡುಕುವವರ ಪಾಲಿನ ಕೆಲಸ. ಯೂನೀಕ್ ನಿಯಮ ಮುರಿದಾಗ ಇಷ್ಟು ಕಷ್ಟವಿಲ್ಲ; ಯಾವ ಮೌಲ್ಯ ಎರಡನೇ ಸಲ ಬಂತು ಎಂದು ಸಂದೇಶದಲ್ಲೇ ಇರುತ್ತದೆ.

ತಪ್ಪಿದ ಸಾಲನ್ನು ಹಿಡಿಯಲು ಬ್ಯಾಚನ್ನು ಅರ್ಧರ್ಧ ಮಾಡುತ್ತ ಹೋಗುವುದು ಒಂದು ದಾರಿ. ಸಾವಿರ ಸಾಲಿನ ಬ್ಯಾಚಿನಲ್ಲಿ ಒಂದೇ ಕೆಟ್ಟ ಸಾಲಿದ್ದರೆ ಹತ್ತು ಸಲ ಒಡೆಯುವುದರೊಳಗೆ ಅದು ಒಂಟಿಯಾಗಿ ಸಿಗುತ್ತದೆ. ಪೋಸ್ಟ್‌ಗ್ರೆಸ್‌ನ ‘ಕಾಪಿ’ ಆಜ್ಞೆ ಬಳಸಿದರೆ ಈ ಶ್ರಮವೂ ಬೇಡ. ಅದು ಇನ್ಸರ್ಟ್‌ಗಿಂತ ವೇಗವಾಗಿರುವುದಲ್ಲದೆ, ಎರರ್ ಬಂದಾಗ ಕಡತದ ಎಷ್ಟನೇ ಸಾಲು, ಯಾವ ಕಾಲಂ ಎಂದೂ ತೋರಿಸುತ್ತದೆ. ವೇಗದ ಕಾರಣಕ್ಕೆ ಕಾಪಿಯನ್ನು ಹೊಗಳುವವರು ಬಹಳ. ಅದರ ಎರರ್ ಸಂದೇಶವೇ ಅದನ್ನು ಬಳಸಲು ಇನ್ನೂ ಒಳ್ಳೆಯ ಕಾರಣ.

ಟ್ರಾನ್ಸಾಕ್ಷನ್‌ಗಳ ವಿಷಯದಲ್ಲಿ ಎರರ್ ಕಾಣಿಸಿಕೊಳ್ಳುವ ಜಾಗವೂ ತಪ್ಪು ನಡೆದ ಜಾಗವೂ ಬೇರೆ ಬೇರೆ ಆಗಿರುವುದು ಸಾಮಾನ್ಯ. ಪೋಸ್ಟ್‌ಗ್ರೆಸ್ ಮೇಲೆ ಜ್ಯಾಂಗೊ ಫಾರಿನ್ ಕೀ ನಿಯಮಗಳನ್ನು ಕಮಿಟ್ ತನಕ ಮುಂದೂಡುವಂತೆ ಹುಟ್ಟಿಸುತ್ತದೆ. ಇಲ್ಲದ ಇಲಾಖೆಯ ಸಂಖ್ಯೆ ಹೊತ್ತ ಸಾಲು ಮೂರನೇ ಬ್ಯಾಚಿನಲ್ಲಿ ಹೋಗಿದ್ದರೂ ದೂರು ಬರುವುದು ಇಡೀ ಕೆಲಸ ಮುಗಿದು ಅಟಾಮಿಕ್ ಬ್ಲಾಕಿನಿಂದ ಹೊರಬರುವಾಗ. ಕೋಡಿನ ಆ ಸಾಲನ್ನೇ ದಿಟ್ಟಿಸಿದರೆ ಏನೂ ತಿಳಿಯದು. ಇದಕ್ಕೆ ತಿರುವುಮುರುವಾದದ್ದೂ ಇದೆ. ಅಟಾಮಿಕ್ ಬ್ಲಾಕಿನೊಳಗೆ ಒಂದು ಸಾಲಿನ ಎರರ್ ಹಿಡಿದು, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗೋಣ ಎಂದು ಬರೆದ ಕೋಡು ಮುಂದಿನ ಪ್ರತಿ ಸಾಲಿಗೂ ಎರರ್ ಕೊಡುತ್ತದೆ. ಮೊದಲ ಎರರ್ ಆದಕೂಡಲೇ ಆ ಟ್ರಾನ್ಸಾಕ್ಷನ್ ಸತ್ತಿರುತ್ತದೆ. ಸೇವ್‌ಪಾಯಿಂಟ್ ಇಟ್ಟಿದ್ದರೆ ಮಾತ್ರ ಅಲ್ಲಿಗೆ ಮರಳಬಹುದು. ಲಾಗಿನಲ್ಲಿ ಕೊನೆಯ ಎರರ್ ಓದದೆ ಮೊದಲನೆಯದನ್ನು ಓದಬೇಕು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಅರ್ಧ ಲೋಡ್ ಆಗಿ ಉಳಿಯುವುದಕ್ಕೂ ಇಲ್ಲೇ ಕಾರಣ ಸಿಗುತ್ತದೆ. ಒಂದು ಬಲ್ಕ್ ಕ್ರಿಯೇಟ್ ಕರೆ ತನ್ನಷ್ಟಕ್ಕೆ ಒಂದು ಟ್ರಾನ್ಸಾಕ್ಷನ್. ಸಾವಿರ ಸಾವಿರದ ತುಂಡು ಮಾಡಿ ಲೂಪಿನಲ್ಲಿ ಕರೆದರೆ, 41ನೆಯದು ಬಿದ್ದಾಗ ಮೊದಲ 40 ಸಾವಿರ ಸಾಲು ಡೇಟಾಬೇಸಿನಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ವೆಬ್ ಪುಟದಿಂದಲೇ ಕಡತ ಅಪ್‌ಲೋಡ್ ಮಾಡಿಸಿ ಅದೇ ಕೋರಿಕೆಯೊಳಗೆ ಲೋಡ್ ನಡೆಸುವ ವ್ಯವಸ್ಥೆಗಳಲ್ಲಿ ಇದು ಇನ್ನೂ ಕೆಡುತ್ತದೆ. ಗುನಿಕಾರ್ನ್ ಸರ್ವರ್ ಬೇರೆ ಹೇಳದ ಹೊರತು 30 ಸೆಕೆಂಡು ಸುಮ್ಮನಿದ್ದ ವರ್ಕರನ್ನು ಕೊಲ್ಲುತ್ತದೆ, ಎಂಜಿನ್‌ಎಕ್ಸ್ 60 ಸೆಕೆಂಡು ಕಾದು ಕೈಬಿಡುತ್ತದೆ. ಪುಟದಲ್ಲಿ ಎರರ್ ಕಂಡವರು ಮಾಡುವ ಮೊದಲ ಕೆಲಸ ಮತ್ತೊಮ್ಮೆ ಬಟನ್ ಒತ್ತುವುದು. ಸಣ್ಣ ಕಡತದಲ್ಲಿ ಸರಿಯಾಗಿ ಓಡಿ ದೊಡ್ಡದರಲ್ಲಿ ಮಾತ್ರ ಬೀಳುವ ಲೋಡಿಗೆ ಮಾಹಿತಿಯಲ್ಲಿ ತಪ್ಪು ಹುಡುಕುವ ಮುನ್ನ ಗಡಿಯಾರ ನೋಡಬೇಕು: ಪ್ರತಿ ಸಲವೂ 30ನೇ ಅಥವಾ 60ನೇ ಸೆಕೆಂಡಿಗೇ ಬೀಳುತ್ತಿದ್ದರೆ ಕೆಟ್ಟಿರುವುದು ಮಾಹಿತಿಯಲ್ಲ. ಇಂಥ ಕೆಲಸವನ್ನು ಕೋರಿಕೆಯಿಂದ ಹೊರಗೆ, ಸೆಲೆರಿಯಂಥ ಸರತಿಗೋ ಮ್ಯಾನೇಜ್‌ಮೆಂಟ್ ಕಮಾಂಡಿಗೋ ಸಾಗಿಸಬೇಕು.

ನಿಧಾನದ ದೂರುಗಳಲ್ಲಿ ಹೆಚ್ಚಿನವು ಮಾಮೂಲಿ. ಪ್ರತಿ ಸಾಲಿಗೆ ಒಂದು ‘ಗೆಟ್ ಆರ್ ಕ್ರಿಯೇಟ್’ ಕರೆ ಇದ್ದರೆ ಡೇಟಾಬೇಸಿಗೆ ಹೋಗಿಬರುವುದರಲ್ಲೇ ಹೊತ್ತು ಕಳೆಯುತ್ತದೆ. ಹೋಗಿಬರಲು ಒಂದು ಮಿಲಿಸೆಕೆಂಡೇ ಹಿಡಿದರೂ ಒಂದು ಲಕ್ಷ ಸಲಕ್ಕೆ 100 ಸೆಕೆಂಡಾಯಿತು. ಜಿಲ್ಲೆ, ಇಲಾಖೆಗಳಂಥ ಸಣ್ಣ ಟೇಬಲ್ಲುಗಳನ್ನು ಮೊದಲೇ ಮೆಮೊರಿಗೆ ತಂದುಕೊಂಡರೆ ಅರ್ಧ ಕಷ್ಟ ಇಳಿಯುತ್ತದೆ. ಡೀಬಗ್ ಆನ್ ಇದ್ದರೆ ಜ್ಯಾಂಗೊ ತಾನು ಕಳಿಸಿದ ಎಸ್‌ಕ್ಯುಎಲ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಸಾವಿರ ಸಾಲಿನ ಒಂದೊಂದು ಇನ್ಸರ್ಟ್ ಎಂದರೆ ಅದು ಸಣ್ಣ ಗಾತ್ರವಲ್ಲ. ಮೆಮೊರಿ ಉಳಿಸಲೆಂದು ಜನರೇಟರ್ ಕೊಟ್ಟೆವು ಎಂದು ನೆಮ್ಮದಿಯಾಗಿರುವವರಿಗೆ ತಿಳಿದಿರಬೇಕಾದ ಸಂಗತಿಯೆಂದರೆ, ಬಲ್ಕ್ ಕ್ರಿಯೇಟ್ ಅದನ್ನು ಪಡೆದ ಕೂಡಲೇ ಪೂರ್ತಿ ಪಟ್ಟಿಯಾಗಿ ಮಾಡಿಕೊಳ್ಳುತ್ತದೆ. ತುಂಡು ಮಾಡುವುದನ್ನು ಹೊರಗೇ ಮಾಡಬೇಕು.

ಯೂನೀಕ್ ಎರರ್‌ಗಳಿಂದ ಬೇಸತ್ತವರು ಮೊರೆಹೋಗುವುದು ‘ಇಗ್ನೋರ್ ಕಾನ್‌ಫ್ಲಿಕ್ಟ್ಸ್’ ಆಯ್ಕೆಗೆ. 2019ರಲ್ಲಿ ಜ್ಯಾಂಗೊ 2.2ರೊಂದಿಗೆ ಬಂದ ಇದು ಢಿಕ್ಕಿ ಹೊಡೆದ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಎಷ್ಟು ಸಾಲು ಬಿಟ್ಟಿತು, ಯಾವುವು ಎಂದು ಹೇಳುವುದಿಲ್ಲ. ಮೈಎಸ್‌ಕ್ಯುಎಲ್ ಮೇಲೆ ಇದು ಇನ್ನೂ ಧಾರಾಳಿ. ಯೂನೀಕ್‌ಗೆ ಸಂಬಂಧಪಡದ ಕೆಲವು ಎರರ್‌ಗಳನ್ನೂ ಬರೀ ಎಚ್ಚರಿಕೆಯಾಗಿ ಇಳಿಸಿಬಿಡುತ್ತದೆ. ತೊಂದರೆ ಬಗೆಹರಿಸುವ ಹೆಸರಿನಲ್ಲಿ ಈ ಆಯ್ಕೆಯನ್ನು ಹಾಕುವುದೆಂದರೆ ಗದ್ದಲದ ತೊಂದರೆಯನ್ನು ಮೌನದ ತೊಂದರೆಯಾಗಿ ಬದಲಿಸಿದಂತೆ. ಅದೇ ಕಡತವನ್ನು ಮತ್ತೆ ಓಡಿಸಿದಾಗ ಹಳೆಯ ಸಾಲು ದಾಟಿ ಹೋಗಲಿ ಎಂಬ ಒಂದು ಸಂದರ್ಭ ಬಿಟ್ಟರೆ ಇದಕ್ಕೆ ಸಮರ್ಥನೆ ಸಿಗುವುದು ಕಷ್ಟ. ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು ಎನ್ನುವ ‘ಆನ್ ಕಾನ್‌ಫ್ಲಿಕ್ಟ್’ ಇದಕ್ಕಿಂತ ಪ್ರಾಮಾಣಿಕ. ಒಂದೇ ಬ್ಯಾಚಿನೊಳಗೆ ಒಂದೇ ಕೀ ಎರಡು ಸಲ ಬಂದರೆ ಪೋಸ್ಟ್‌ಗ್ರೆಸ್ ಅಲ್ಲಿ ಜಗ್ಗದೆ ನಿಲ್ಲುತ್ತದೆ, ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲು ಒಪ್ಪುವುದಿಲ್ಲ.

ಇವೆಲ್ಲಕ್ಕೂ ಬೇರೆ ಬೇರೆ ಮದ್ದು ಹುಡುಕುವುದಕ್ಕಿಂತ ಲೋಡಿನ ದಾರಿಯನ್ನೇ ಎರಡು ಹೆಜ್ಜೆಯಾಗಿ ಒಡೆಯುವುದು ಉತ್ತಮ. ಮೊದಲು ಸ್ಟೇಜಿಂಗ್ ಟೇಬಲ್ ಒಂದನ್ನು ಇಟ್ಟು, ಕಡತವನ್ನು ಇದ್ದದ್ದು ಇದ್ದಂತೆ ಅಲ್ಲಿಗೆ ಕಾಪಿ ಮಾಡಬೇಕು. ಅದರ ಕಾಲಮ್ಮುಗಳೆಲ್ಲ ಪಠ್ಯ. ಯಾವ ನಿಯಮವೂ ಇರುವುದಿಲ್ಲ, ಕಡತದ ಸಾಲು ಸಂಖ್ಯೆಗೊಂದು ಕಾಲಂ ಮಾತ್ರ ಹೆಚ್ಚಿಗೆ. ಆಮೇಲೆ ಎಸ್‌ಕ್ಯುಎಲ್‌ನಿಂದಲೇ ತಪಾಸಣೆ: ದಿನಾಂಕವಲ್ಲದ್ದು ಯಾವುದು, ಉದ್ದ ಮೀರಿದ್ದು ಯಾವುದು, ಎರಡು ಸಲ ಬಂದದ್ದು ಯಾವುದು, ಇಲ್ಲದ ಇಲಾಖೆಯ ಹೆಸರು ಹೊತ್ತದ್ದು ಯಾವುದು. ತಪ್ಪುಗಳೆಲ್ಲ ಸಾಲು ಸಂಖ್ಯೆ ಮತ್ತು ಕಾರಣದ ಸಮೇತ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ಕಡತ ಕಳಿಸಿದವರಿಗೆ ಆ ಪಟ್ಟಿಯನ್ನೇ ವಾಪಸ್ ಕೊಡಬಹುದು. ಒಂದು ಎರರ್ ತಿದ್ದಿ ಓಡಿಸಿ ಇನ್ನೊಂದಕ್ಕೆ ಮುಗ್ಗರಿಸುವ ಪಾಡು ತಪ್ಪುತ್ತದೆ. ಉಳಿದ ಒಳ್ಳೆಯ ಸಾಲುಗಳು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ನಿಜವಾದ ಟೇಬಲ್ಲಿಗೆ ಹೋಗುತ್ತವೆ. ಕಡತದಲ್ಲಿ ಬಂದದ್ದು, ಸೇರಿದ್ದು, ತಿರಸ್ಕೃತವಾದದ್ದು ಈ ಮೂರು ಸಂಖ್ಯೆಗಳು ಕೂಡದೆ ಲೋಡ್ ಮುಗಿಯಿತೆಂದು ಹೇಳುವಂತಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಒಂದೇ ನಿಯಮವನ್ನು ಪೈಥಾನಿನಲ್ಲೊಮ್ಮೆ, ಎಸ್‌ಕ್ಯುಎಲ್‌ನಲ್ಲೊಮ್ಮೆ ಬರೆಯಬೇಕಾಗುತ್ತದೆ; ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವ ಅಪಾಯ ಉಂಟು ಎನ್ನುತ್ತಾರೆ. ಮಾತು ಸರಿ. ಆದರೆ ಆ ನಿಯಮ ನಿಜಕ್ಕೂ ಮುಖ್ಯವಾದದ್ದಾದರೆ ಅದು ಡೇಟಾಬೇಸಿನಲ್ಲೇ ಚೆಕ್ ನಿಯಮವಾಗಿ ಇರಬೇಕಿತ್ತು. ಜ್ಯಾಂಗೊ 2.2ರಿಂದ ಅದನ್ನು ಮಾಡೆಲ್ಲಿನಲ್ಲೇ ಬರೆಯಲು ಬರುತ್ತದೆ; ಒಮ್ಮೆ ಹಾಕಿದರೆ ಯಾವ ಬಾಗಿಲಿನಿಂದ ಬಂದ ಸಾಲಿಗೂ ಅನ್ವಯ. ಸಾವಿರ ಸಾಲಿನೊಳಗಿನ ಕಡತಕ್ಕೆ ಇಷ್ಟೆಲ್ಲ ಏರ್ಪಾಡು ಅತಿಯಾಯಿತು ಎಂಬ ಇನ್ನೊಂದು ಆಕ್ಷೇಪವನ್ನು ಒಪ್ಪಲೇಬೇಕು. ಅಷ್ಟಕ್ಕೆ ಒಂದೊಂದೇ ಸಾಲನ್ನು ಪೂರ್ತಿ ತಪಾಸಣೆ ಮಾಡಿ ಸೇವ್ ಮಾಡುವುದೇ ಸರಿ, ನಿಧಾನವಾದರೆ ಆಗಲಿ.

ಲೋಡಿನ ನಂತರದ ಕೆಲಸಗಳಲ್ಲಿ ಸೀಕ್ವೆನ್ಸ್ ಮುಖ್ಯವಾದದ್ದು. ಹಳೆಯ ಐಡಿಗಳನ್ನು ಉಳಿಸಿಕೊಂಡು ಸಾಲು ತುಂಬಿದರೆ ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ ಇದ್ದಲ್ಲೇ ಇರುತ್ತದೆ. ಲೋಡ್ ಚೆನ್ನಾಗಿ ಆಗಿ, ಮರುದಿನ ಮೊದಲ ಬಳಕೆದಾರರು ಫಾರಂ ತುಂಬಿದಾಗ ‘ಈ ಐಡಿ ಆಗಲೇ ಇದೆ’ ಎಂಬ ಎರರ್ ಬರುತ್ತದೆ. ಜ್ಯಾಂಗೊದ ‘ಲೋಡ್‌ಡೇಟಾ’ ಕಮಾಂಡ್ ಸೀಕ್ವೆನ್ಸನ್ನು ತಾನೇ ಸರಿಪಡಿಸುತ್ತದೆ. ಕಾಪಿ, ಬಲ್ಕ್ ಕ್ರಿಯೇಟ್ ಸರಿಪಡಿಸುವುದಿಲ್ಲ. ಅವುಗಳಿಗಾಗಿ ‘ಎಸ್‌ಕ್ಯುಎಲ್ ಸೀಕ್ವೆನ್ಸ್ ರೀಸೆಟ್’ ಎಂಬ ಕಮಾಂಡ್ ಇದೆ. ಅದು ಬೇಕಾದ ಎಸ್‌ಕ್ಯುಎಲ್ ಅನ್ನು ಮುದ್ರಿಸಿ ಕೊಡುತ್ತದೆಯಷ್ಟೇ, ಓಡಿಸುವ ಕೆಲಸ ಬೇರೆ. ದೊಡ್ಡ ಲೋಡ್ ಆದೊಡನೆ ‘ಅನಲೈಸ್’ ಓಡಿಸದಿದ್ದರೆ ಡೇಟಾಬೇಸ್ ಹಳೆಯ ಅಂದಾಜಿನ ಮೇಲೆಯೇ ಹುಡುಕುವ ದಾರಿ ಆರಿಸುತ್ತದೆ, ಚೆನ್ನಾಗಿದ್ದ ಪುಟಗಳು ಕೆಲಹೊತ್ತು ತೆವಳುತ್ತವೆ. ಇನ್ನು ಸ್ಟೇಜಿಂಗ್ ಟೇಬಲ್. ಅದರಲ್ಲಿ ಜನರ ಹೆಸರು, ಫೋನ್, ಖಾತೆ ಸಂಖ್ಯೆಗಳ ಇನ್ನೊಂದು ಪ್ರತಿ ಇರುತ್ತದೆ, ಅದೂ ಅಪ್ಲಿಕೇಶನ್ನಿನ ಅನುಮತಿ ವ್ಯವಸ್ಥೆಯ ಹೊರಗೆ. ತಿರಸ್ಕೃತ ಸಾಲುಗಳ ತಿದ್ದುಪಡಿ ಮುಗಿಯುವವರೆಗೆ ಅದು ಬೇಕು. ಮುಗಿದ ಮೇಲೆ ಲೋಡಿನ ದಿನಾಂಕ, ಕಡತದ ಹೆಸರು ಮತ್ತು ಮೂರು ಸಂಖ್ಯೆಗಳನ್ನು ಲಾಗ್ ಟೇಬಲ್ಲಿಗೆ ಬರೆದಿಟ್ಟು ಅದನ್ನು ಅಳಿಸಬೇಕು.